ವಾದವನ್ನು ಬಲಪಡಿಸುವ ಉತ್ತರ: ಬಿರುಕು ಹುಡುಕಿ, ಆಮೇಲೆ ಆಯ್ಕೆ

ಪರೀಕ್ಷೆಯಲ್ಲಿ ಒಂದು ವಾದ ಕೊಟ್ಟು, ಅದನ್ನು ಹೆಚ್ಚು ಬಲಪಡಿಸುವ ಆಯ್ಕೆ ಯಾವುದು ಎಂದು ಕೇಳಿದಾಗ, ಆಯ್ಕೆಗಳತ್ತ ಕಣ್ಣು ಹಾಯಿಸುವ ಮೊದಲು ತೀರ್ಮಾನದ ವಾಕ್ಯ ಹಿಡಿಯಿರಿ. ‘ಆದ್ದರಿಂದ’, ‘ಹೀಗಾಗಿ’ ಎಂಬಲ್ಲಿ ಸಿಗುತ್ತದೆ. ಕೆಲವೊಮ್ಮೆ ಮೊದಲ ಸಾಲಲ್ಲೇ ಕೂತಿರುತ್ತದೆ.

ಹೀಗೊಂದು ಪ್ರಶ್ನೆ ಇಟ್ಟುಕೊಳ್ಳಿ: ಜಯನಗರದ ಒಂದು ರಸ್ತೆಯಲ್ಲಿ ಇಂಗುಗುಂಡಿ ತೋಡಿಸಿದರು, ಮರುವರ್ಷ ಬೋರ್‌ವೆಲ್ ನೀರು ಮೇಲೇರಿತು, ಆದ್ದರಿಂದ ಗುಂಡಿಯೇ ಕಾರಣ. ಬಿರುಕು, ಅಂದರೆ ವಾದ ಸಡಿಲವಾಗಿರುವ ಜಾಗ, ಎಲ್ಲಿ? ಆ ವರ್ಷ ಮಳೆಯೇ ಜೋರಾಗಿದ್ದಿರಬಹುದು. ಅದನ್ನು ಮುಚ್ಚುವುದೇ ಸರಿಯುತ್ತರ: ‘ಅಷ್ಟೇ ಮಳೆ ಬಿದ್ದ, ಗುಂಡಿಯಿಲ್ಲದ ಪಕ್ಕದ ರಸ್ತೆಯಲ್ಲಿ ನೀರು ಏರಲಿಲ್ಲ.’

ಇನ್ನು ತಪ್ಪು ಆಯ್ಕೆಗಳು. ‘ಇಂಗುಗುಂಡಿಗೆ ಖರ್ಚು ಕಡಿಮೆ’ ಎಂಬುದಕ್ಕೂ ಕಾರಣಕ್ಕೂ ಸಂಬಂಧವಿಲ್ಲ. ‘ಆ ವರ್ಷ ಬೋರ್‌ವೆಲ್ ಬಳಕೆ ಇಳಿಯಿತು’ ಎಂಬುದು ನೀರು ಏರಲು ಬೇರೊಂದು ಕಾರಣ ಕೊಟ್ಟು ವಾದವನ್ನೇ ಸಡಿಲಿಸುತ್ತದೆ. ಅವಸರದಲ್ಲಿ ಓದುವವರು ಬೀಳುವುದು ಈ ಗುಂಡಿಗೇ.

ಆಯ್ಕೆ ನಿಜವೋ ಸುಳ್ಳೋ ಎಂಬ ತನಿಖೆ ಬೇಡ. ನಿಜವೆಂದೇ ಹಿಡಿದು, ತೀರ್ಮಾನ ಎಷ್ಟು ಗಟ್ಟಿಯಾಯಿತು ನೋಡಿ. ಪೂರ್ತಿ ಸಾಬೀತಾಗಬೇಕಿಲ್ಲ, ಉಳಿದ ಆಯ್ಕೆಗಳಿಗಿಂತ ಹೆಚ್ಚು ಗಟ್ಟಿಯಾದರೆ ಸಾಕು.