ಆಫ್ ಅಂದರೆ ಅರ್ಥ್: ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಇಗ್ನಿಷನ್ ಕೀ ಜೋಡಿಸುವುದು

ಹಿರಿಯೂರಿನಲ್ಲಿ ನಮ್ಮ ಅಪ್ಪನ ಮೊಪೆಡ್ ರಿಪೇರಿ ಅಂಗಡಿ ಇತ್ತು. ಲೂನಾ, ಟಿವಿಎಸ್ 50 ಗಾಡಿಗಳೇ ಜಾಸ್ತಿ. ನಾನು ಒರೆಗಾನ್‌ನ ಹಿಲ್ಸ್‌ಬೊರೊದಲ್ಲಿ ಮನೆ ಗ್ಯಾರೇಜಿನಲ್ಲೇ ಆರ್‌ವಿ-9ಎ ವಿಮಾನ ಕಟ್ಟುತ್ತಿದ್ದಾಗ ಅಪ್ಪ ಆರು ತಿಂಗಳು ಬಂದು ನಮ್ಮ ಜೊತೆ ಇದ್ದರು. ಒಂದು ಸಂಜೆ ಮೇಜಿನ ಮೇಲೆ ಕೀ ಸ್ವಿಚ್ಚಿನ ನಕ್ಷೆ ಹರಡಿಕೊಂಡು ಕೂತಿದ್ದೆ. ಅಪ್ಪ ಪಕ್ಕಕ್ಕೆ ಬಂದು ನೋಡಿದರು.

"ಇದು ನಮ್ಮ ಲೂನಾದ್ದೇ ಕಣಮ್ಮ. ಮ್ಯಾಗ್ನೆಟ್ ವೈರನ್ನ ಗಾಡಿಯ ಮೈಗೆ ಅರ್ಥ್ ಮಾಡಿದರೆ ಬಂದ್. ಬಿಟ್ಟರೆ ಚಾಲೂ."

ಈ ಕೆಲಸದಲ್ಲಿ ಮೊದಲು ತಲೆಗೆ ಹೋಗಬೇಕಾದ್ದು ಇದೇ. ಮನೆಯ ಲೈಟ್ ಸ್ವಿಚ್ ಆಫ್ ಮಾಡಿದಾಗ ಸಂಪರ್ಕ ಕಡಿಯುತ್ತದೆ. ಪ್ಲಗ್ಗುಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೊದ ಸ್ವಿಚ್ ಆಫ್ ಮಾಡಿದಾಗ ಸಂಪರ್ಕ ಕೂಡುತ್ತದೆ. ಮ್ಯಾಗ್ನೆಟೊ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿ ಬೇಕಿಲ್ಲ. ಅದರಿಂದ ಸ್ವಿಚ್ಚಿಗೆ ಬರುವ ವೈರಿಗೆ ಪಿ-ಲೀಡ್ ಅನ್ನುತ್ತಾರೆ. ಅದು ಅರ್ಥ್ ಆಗಿದ್ದರೆ ಮಾತ್ರ ಕಿಡಿ ನಿಲ್ಲುತ್ತದೆ. ಹಾಗಾಗಿ ವೈರ್ ತುಂಡಾದರೆ, ನಟ್ ಸಡಿಲವಾದರೆ, ಕೀ ಜೇಬಿನಲ್ಲಿದ್ದರೂ ಮ್ಯಾಗ್ನೆಟೊ ಜೀವಂತ. ಯಾರೋ ಸುಮ್ನೆ ಪ್ರೊಪೆಲ್ಲರ್ ತಿರುಗಿಸಿದರೂ ಎಂಜಿನ್ ಒಂದು ಹೊಡೆತ ಹೊಡೆಯಬಹುದು. ಆ ಒಂದು ಹೊಡೆತಕ್ಕೇ ಕೈ ಹೋಗುತ್ತದೆ, ಪ್ರಾಣವೂ ಹೋಗಬಹುದು.

ನನ್ನ ವಿಮಾನಕ್ಕಿರುವುದು ಲೈಕಮಿಂಗ್ ಒ-320 ಎಂಜಿನ್, ಎರಡು ಮ್ಯಾಗ್ನೆಟೊ. ನಾಲ್ಕು ಸಿಲಿಂಡರಿಗೆ ಎಂಟು ಪ್ಲಗ್. ಕೀ ಸ್ವಿಚ್ಚಿನಲ್ಲಿ ಐದು ಜಾಗ: ಆಫ್, ಆರ್, ಎಲ್, ಬೋತ್, ಸ್ಟಾರ್ಟ್. ಆರ್ ಅಂದರೆ ಬಲಗಡೆಯದು ಮಾತ್ರ ಕೆಲಸ ಮಾಡುತ್ತದೆ, ಎಡಗಡೆಯದು ಅರ್ಥ್ ಆಗಿರುತ್ತದೆ. ಎಲ್ ಅಂದರೆ ಅದರ ಉಲ್ಟಾ. ಬೋತ್‌ನಲ್ಲಿ ಯಾವುದೂ ಅರ್ಥ್ ಇಲ್ಲ. ಕೆಲವರು ಕೀ ಬಿಟ್ಟು ಎರಡು ಟಾಗಲ್ ಸ್ವಿಚ್, ಒಂದು ಸ್ಟಾರ್ಟ್ ಬಟನ್ ಹಾಕುತ್ತಾರೆ. ಅದೂ ಸರಿಯೇ. ಮನೆಯಲ್ಲಿ ಚಿಕ್ಕ ಮಗ ಇದ್ದಾನೆ ಅಂತ ನಾನು ಕೀ ಆರಿಸಿಕೊಂಡೆ. ಅವನು ಸೀಟಿನಲ್ಲಿ ಕೂತು ಬಟನ್ ಒತ್ತುವುದು ತಪ್ಪುತ್ತದೆ, ಅಷ್ಟೇ. ಕೀ ತೆಗೆದ ಮಾತ್ರಕ್ಕೆ ಪ್ರೊಪೆಲ್ಲರ್ ಹತ್ತಿರ ಹೋಗಬಹುದು ಅಂತಲ್ಲ.

ಈಗ ವೈರಿನ ವಿಷಯ. ಪಿ-ಲೀಡಿಗೆ ಹೊರಗೆ ಲೋಹದ ಹೆಣಿಗೆ ಇರುವ 18 ಗೇಜ್ ಶೀಲ್ಡೆಡ್ ವೈರ್ ಬಳಸಿದೆ. ಮೇಲಿನ ಹೊದಿಕೆ ಟೆಫ್ಜೆಲ್ ಅನ್ನುವ, ಬಿಸಿ ತಡೆಯುವ ಪ್ಲಾಸ್ಟಿಕ್. ಮನೆಗೆ ಹಾಕುವ ಪಿವಿಸಿ ವೈರ್ ವಿಮಾನಕ್ಕೆ ಬೇಡವೇ ಬೇಡ. ಬೆಂಕಿ ಹತ್ತಿದರೆ ಅದರ ಹೊಗೆಯೇ ವಿಷ. ಶೀಲ್ಡ್ ಯಾಕೆ ಅಂದರೆ, ಮ್ಯಾಗ್ನೆಟೊದ ಒಂದೊಂದು ಕಿಡಿಯೂ ಈ ವೈರಿನಲ್ಲಿ ಸದ್ದು ಎಬ್ಬಿಸುತ್ತದೆ. ಅದು ರೇಡಿಯೊಗೆ ಸೇರಿದರೆ ಹೆಡ್‌ಸೆಟ್ಟಿನಲ್ಲಿ ಟಿಕ್ ಟಿಕ್ ಅಂತ ಕೇಳುತ್ತಲೇ ಇರುತ್ತದೆ.

ಶೀಲ್ಡನ್ನು ಎಲ್ಲಿ ಕಟ್ಟಬೇಕು ಅನ್ನುವಲ್ಲಿ ತುಂಬ ಜನ ಎಡವುತ್ತಾರೆ. ನಾನು ಮಾಡಿದ್ದು ಹೀಗೆ. ಎಂಜಿನ್ ಕಡೆ, ಒಳಗಿನ ವೈರ್ ಮ್ಯಾಗ್ನೆಟೊದ ಪಿ-ಲೀಡ್ ಸ್ಟಡ್ಡಿಗೆ. ಶೀಲ್ಡ್ ಅದೇ ಮ್ಯಾಗ್ನೆಟೊದ ಮೈಮೇಲಿನ ಅರ್ಥ್ ಸ್ಕ್ರೂಗೆ. ಪ್ಯಾನೆಲ್ ಕಡೆ, ಒಳಗಿನ ವೈರ್ ಸ್ವಿಚ್ಚಿನ ಎಲ್ ಅಥವಾ ಆರ್ ಟರ್ಮಿನಲ್ಲಿಗೆ. ಶೀಲ್ಡ್ ಸ್ವಿಚ್ಚಿನ ಜಿಎನ್‌ಡಿ (ಗ್ರೌಂಡ್, ಅಂದರೆ ಅರ್ಥ್) ಟರ್ಮಿನಲ್ಲಿಗೆ. ಜಿಎನ್‌ಡಿಯಿಂದ ಪ್ಯಾನೆಲ್ಲಿನ ತಗಡಿಗೆ ಇನ್ನೊಂದು ಅರ್ಥ್ ವೈರ್ ಎಳೆಯಲಿಲ್ಲ. ಸ್ವಿಚ್ಚಿಗೆ ಬೇಕಾದ ಅರ್ಥ್ ಶೀಲ್ಡಿನ ಮೂಲಕ ಎಂಜಿನ್ನಿನಿಂದಲೇ ಬರುತ್ತದೆ. ಹೋದ ದಾರಿಯಲ್ಲೇ ಕರೆಂಟು ವಾಪಸ್ ಬಂದರೆ ಸದ್ದು ಹೊರಗೆ ಸೋರುವುದಿಲ್ಲ.

ಸ್ಟಾರ್ಟರ್ ಭಾಗ ಸುಲಭ. ಬ್ಯಾಟರಿಯ ದಪ್ಪ ಕೇಬಲ್ ಕೀ ಹತ್ತಿರಕ್ಕೂ ಬರಬಾರದು. ಅದು ಕಾಂಟ್ಯಾಕ್ಟರ್, ಅಂದರೆ ಒಂದು ದೊಡ್ಡ ರಿಲೇ ಮೂಲಕ ನೇರ ಸ್ಟಾರ್ಟರಿಗೆ ಹೋಗುತ್ತದೆ. ಕೀಗೆ ಬರುವುದು 5 ಆಂಪಿಯರ್ ಬ್ರೇಕರಿನಿಂದ ಒಂದು 20 ಗೇಜ್ ವೈರ್. ಸ್ವಿಚ್ಚಿನ ಎಸ್ (ಸ್ಟಾರ್ಟ್) ಟರ್ಮಿನಲ್ಲಿನಿಂದ ಇನ್ನೊಂದು ವೈರ್ ಕಾಂಟ್ಯಾಕ್ಟರಿನ ಕಾಯಿಲ್ಲಿಗೆ. ಆ ಕಾಯಿಲ್ಲಿಗೆ ಅಡ್ಡಲಾಗಿ ಒಂದು 1ಎನ್4005 ಡಯೋಡ್ ಹಾಕಿ. ಬಿಳಿ ಗೆರೆ ಇರುವ ತುದಿ ಎಸ್ ವೈರ್ ಕಡೆ, ಇನ್ನೊಂದು ತುದಿ ಅರ್ಥಿಗೆ. ಕೀ ಬಿಟ್ಟ ಕ್ಷಣ ಕಾಯಿಲ್ ಒಂದು ಜೋರಾದ ಉಲ್ಟಾ ವೋಲ್ಟೇಜ್ ಒದೆಯುತ್ತದೆ. ಡಯೋಡ್ ಇಲ್ಲದಿದ್ದರೆ ಅದು ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟುಗಳನ್ನು ಸುಡುತ್ತಾ ಹೋಗುತ್ತದೆ. ಈ ಬಗೆಯ ಕೀ ಸ್ವಿಚ್ಚುಗಳ ಬಗ್ಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1993ರಲ್ಲೇ ಒಂದು ಆದೇಶ ಹೊರಡಿಸಿತ್ತು, ನಂಬರ್ 93-05-06. ಹತ್ತು ಪೈಸೆಯ ಡಯೋಡ್ ಅಂತ ಬಿಡಬೇಡಿ.

ಸ್ವಿಚ್ ಜೊತೆ ಬರುವ ಒಂದು ಸಣ್ಣ ತಗಡಿನ ಜಂಪರ್ ಬಗ್ಗೆ ಹೇಳಲೇಬೇಕು. ನನ್ನ ಎಂಜಿನ್ನಿನಲ್ಲಿ ಎಡ ಮ್ಯಾಗ್ನೆಟೊಗೆ ಮಾತ್ರ ಇಂಪಲ್ಸ್ ಕಪ್ಲಿಂಗ್ ಇದೆ. ಪ್ರೊಪೆಲ್ಲರ್ ನಿಧಾನ ತಿರುಗುವಾಗ ಟಕ್ ಅಂತ ಕೇಳಿಸುವುದು ಅದೇ. ಅದು ಕಿಡಿಯನ್ನು ತಡಮಾಡಿ, ಜೋರಾಗಿ ಕೊಡುತ್ತದೆ. ಬಲಗಡೆಯದಕ್ಕೆ ಅದಿಲ್ಲ. ಪಿಸ್ಟನ್ ಮೇಲೆ ತಲುಪುವ 25 ಡಿಗ್ರಿ ಮೊದಲೇ ಕಿಡಿ ಕೊಟ್ಟುಬಿಡುತ್ತದೆ. ಸ್ಟಾರ್ಟ್ ಮಾಡುವಾಗ ಹಾಗಾದರೆ ಎಂಜಿನ್ ಹಿಂದಕ್ಕೆ ಒದ್ದು ಸ್ಟಾರ್ಟರ್ ಮುರಿಯಬಹುದು. ಆದ್ದರಿಂದ ಸ್ಟಾರ್ಟ್ ಜಾಗದಲ್ಲಿ ಬಲ ಮ್ಯಾಗ್ನೆಟೊ ಅರ್ಥ್ ಆಗಿರಬೇಕು. ಆ ಕೆಲಸ ಜಂಪರಿನದು. ಎರಡಕ್ಕೂ ಇಂಪಲ್ಸ್ ಇದ್ದರೆ ಜಂಪರ್ ತೆಗೆಯಬೇಕು. ನಿಮ್ಮ ಸ್ವಿಚ್ಚಿನ ಹಾಳೆಯಲ್ಲಿ ಯಾವ ಟರ್ಮಿನಲ್ ತೋರಿಸಿದ್ದಾರೋ ಅಲ್ಲಿಗೇ ಹಾಕಿ. ಬೇರೆಯವರ ಫೋಟೊ ನೋಡಿ ಹಾಕಬೇಡಿ.

ಆಮೇಲೆ ಮೀಟರ್ ಹಿಡಿಯಿರಿ. ಇಲ್ಲಿ ಒಂದು ಮೋಸವಿದೆ. ಪಿ-ಲೀಡ್ ಮ್ಯಾಗ್ನೆಟೊಗೆ ಸೇರಿರುವಾಗ ಮೀಟರ್ ಇಟ್ಟರೆ ಯಾವಾಗಲೂ ಅರ್ಥ್ ಅಂತಲೇ ತೋರಿಸುತ್ತದೆ. ಒಳಗಿನ ಪ್ರೈಮರಿ ಕಾಯಿಲ್ಲಿನ ಒಂದು ತುದಿ ಮೊದಲೇ ಅರ್ಥಿಗೆ ಸೇರಿದೆ, ಅದರ ತಡೆ ತೀರಾ ಕಡಿಮೆ. ಹಾಗಾಗಿ ಪಿ-ಲೀಡನ್ನು ಸ್ಟಡ್ಡಿಗೆ ಬಿಗಿಯುವ ಮೊದಲೇ, ಶೀಲ್ಡ್ ಮಾತ್ರ ಕಟ್ಟಿ, ಎಂಜಿನ್ ಕಡೆಯ ತುದಿಯಿಂದ ಪರೀಕ್ಷೆ ಮಾಡಿ. ಪಿ-ಲೀಡ್ ಬಿಚ್ಚಿದ ಮ್ಯಾಗ್ನೆಟೊ ಜೀವಂತ ಅನ್ನುವುದು ನೆನಪಿರಲಿ. ನಾನು ಎಂಟೂ ಪ್ಲಗ್ ವೈರ್ ಬಿಚ್ಚಿಟ್ಟು, ಬ್ಯಾಟರಿಯನ್ನೂ ತೆಗೆದು ಈ ಕೆಲಸಕ್ಕೆ ಕೂತೆ. ಅಪ್ಪ ಒಳಗೆ ಕೂತು ಕೀ ತಿರುಗಿಸುತ್ತಾ ಹೋದರು.

"ಆಫ್!"

"ಎರಡೂ ಅರ್ಥ್ ಅಪ್ಪ. ಮುಂದಿನದು."

ಆರ್‌ನಲ್ಲಿ ಎಡ ಅರ್ಥ್, ಬಲ ಓಪನ್. ಎಲ್‌ನಲ್ಲಿ ಎಡ ಓಪನ್, ಬಲ ಅರ್ಥ್. ಬೋತ್‌ನಲ್ಲಿ ಎರಡೂ ಓಪನ್. ಸ್ಟಾರ್ಟ್‌ನಲ್ಲಿ ಎಡ ಓಪನ್, ಬಲ ಅರ್ಥ್. ಐದೂ ಸರಿ ಬಂದ ಮೇಲೆ ಅಪ್ಪ, "ಇನ್ನೊಂದ್ ಸಲ, ವೈರ್ ಅಲ್ಲಾಡಿಸಿಕೊಂಡು ನೋಡು" ಅಂದರು. ನೋಡಿದೆ. ಬಲಗಡೆಯ ಶೀಲ್ಡಿನ ತುದಿಯಲ್ಲಿರುವ ಲೋಹದ ಲಗ್ಗನ್ನು ಒಂದು ಕಡೆ ಎಳೆದಾಗ ಮೀಟರ್ ಮುಳ್ಳು ಹಾರಿತು. ನನ್ನ ಕ್ರಿಂಪ್, ಅಂದರೆ ಲಗ್ಗನ್ನು ವೈರಿಗೆ ಒತ್ತಿ ಕೂರಿಸಿದ್ದು, ಸರಿಯಾಗಿ ಕಚ್ಚಿರಲಿಲ್ಲ. ಕತ್ತರಿಸಿ ಹೊಸ ಲಗ್ ಹಾಕಿದೆ. ಅಂದಿನಿಂದ ಪ್ರತಿ ಲಗ್ಗನ್ನೂ ಎಳೆದು ನೋಡದೆ ಬಿಡುವುದಿಲ್ಲ.

ಇನ್ನು ಕೂರಿಸುವುದು. ಸ್ವಿಚ್ಚಿನ ಹಿಂದೆ ಒಂದು ಗೇಣಿನಷ್ಟು ವೈರ್ ಜಾಸ್ತಿ ಬಿಡಿ, ಬಿಚ್ಚಿ ಮುಂದಕ್ಕೆ ಎಳೆದು ನೋಡಲು ಬೇಕಾಗುತ್ತದೆ. ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ, ಫೈರ್‌ವಾಲ್, ದಾಟುವಲ್ಲಿ ಸ್ಟೀಲಿನ ಪಾಸ್-ಥ್ರೂ, ಬೆಂಕಿ ತಡೆಯುವ ಸೀಲೆಂಟ್. ಮ್ಯಾಗ್ನೆಟೊ ಹತ್ತಿರ ವೈರ್ ನೇತಾಡಬಾರದು.

ನೇತಾಡಿದರೆ ಏನಾಗುತ್ತದೆ ಅಂತ ಹಾರಾಟದ ಎರಡನೇ ವರ್ಷ ಗೊತ್ತಾಯಿತು. ಹಾರುವ ಮೊದಲಿನ ಎಂಜಿನ್ ಪರೀಕ್ಷೆಯಲ್ಲಿ (ರನ್‌ಅಪ್) 1700 ಆರ್‌ಪಿಎಂ ಇಟ್ಟು ಕೀಯನ್ನು ಆರ್‌ಗೆ ತಿರುಗಿಸಿದೆ. ಒಂದು ಮ್ಯಾಗ್ನೆಟೊ ನಿಂತಾಗ ಆರ್‌ಪಿಎಂ ಸ್ವಲ್ಪ ಇಳಿಯಲೇಬೇಕು. ಲೈಕಮಿಂಗ್ ಪ್ರಕಾರ 175ಕ್ಕಿಂತ ಜಾಸ್ತಿ ಇಳಿಯಬಾರದು, ಎರಡರ ನಡುವೆ 50ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆವತ್ತು ಇಳಿಯಲೇ ಇಲ್ಲ. ಹೊಸಬರು ಇದನ್ನು ನೋಡಿ ಎಂಜಿನ್ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಇಳಿಯದಿರುವುದೇ ಕೆಟ್ಟ ಸುದ್ದಿ. ಎಡ ಮ್ಯಾಗ್ನೆಟೊ ಅರ್ಥ್ ಆಗುತ್ತಿಲ್ಲ ಅಂತ ಅರ್ಥ. ವಾಪಸ್ ಬಂದು, ಇಂಧನ ನಿಲ್ಲಿಸುವ ಮಿಕ್ಸ್ಚರ್ ಹಿಡಿ ಎಳೆದು ಎಂಜಿನ್ ನಿಲ್ಲಿಸಿ, ಪ್ರೊಪೆಲ್ಲರಿಗೆ "ಮುಟ್ಟಬೇಡಿ" ಅಂತ ಕೆಂಪು ಬೋರ್ಡ್ ಕಟ್ಟಿದೆ. ಎಂಜಿನ್ ಮೇಲಿನ ಮುಚ್ಚಳ, ಕೌಲಿಂಗ್, ತೆಗೆದರೆ, ಲಗ್ಗಿನ ಬುಡದಲ್ಲೇ ಪಿ-ಲೀಡ್ ತುಂಡಾಗಿತ್ತು. ಎಂಜಿನ್ ನಡುಗಿದಾಗಲೆಲ್ಲ ವೈರಿನ ಭಾರ ಆ ಒಂದೇ ಜಾಗಕ್ಕೆ ಬಿದ್ದು ಎಳೆಗಳು ಒಂದೊಂದಾಗಿ ಹರಿದಿದ್ದವು. ಈಗ ಲಗ್ಗಿನಿಂದ ನಾಲ್ಕು ಬೆರಳು ದೂರದಲ್ಲಿ ರಬ್ಬರ್ ಪಟ್ಟಿಯ ಅಡೆಲ್ ಕ್ಲ್ಯಾಂಪ್ ಇದೆ. ನೀವು ಮೊದಲ ದಿನವೇ ಹಾಕಿ.

ಕೊನೆಯ ಪರೀಕ್ಷೆಯನ್ನು ನಾನು ಪ್ರತಿ ಹಾರಾಟದ ನಂತರ ಮಾಡುತ್ತೇನೆ. ಎಂಜಿನ್ ಐಡಲ್‌ನಲ್ಲಿ ಇರುವಾಗ ಮಾತ್ರ. ಜೋರಾಗಿ ಓಡುವಾಗ ಮಾಡಿದರೆ ಸೈಲೆನ್ಸರಿನಲ್ಲಿ ಢಂ ಅನ್ನುತ್ತದೆ. ಕೀಯನ್ನು ಒಂದು ಕ್ಷಣ ಆಫ್‌ಗೆ ತಿರುಗಿಸಿ, ಸದ್ದು ಸಾಯಲು ಶುರುವಾದ ತಕ್ಷಣ ಬೋತ್‌ಗೆ ತರುತ್ತೇನೆ. ಸದ್ದು ಬಿದ್ದರೆ ಎರಡೂ ಪಿ-ಲೀಡ್ ಸರಿ ಇವೆ. ಆಮೇಲೆ ಮಿಕ್ಸ್ಚರ್ ಎಳೆದು ಎಂಜಿನ್ ನಿಲ್ಲಿಸುತ್ತೇನೆ, ಕೀ ತೆಗೆದು ಪ್ಯಾನೆಲ್ ಮೇಲೆ ಹೊರಗಿನವರಿಗೂ ಕಾಣುವ ಹಾಗೆ ಇಡುತ್ತೇನೆ.