ಬಿ12 ಕೊರತೆ: ಒಬ್ಬ ಮೆಡಿಕಲ್ ಶಾಪಿನವನ ಅನುಭವ

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಡಿ.ಫಾರ್ಮಾ ಮುಗಿಸಿದಾಗಿನಿಂದ ಕೌಂಟರ್ ಹಿಂದೆಯೇ ನಿಂತವನು ನಾನು. ಸುಸ್ತಾ? ಬಿ ಕಾಂಪ್ಲೆಕ್ಸ್ ಕೊಡಿ ಅಂತಾರೆ. ಬಾಯಿ ಹುಣ್ಣಾ? ಅದೇ. ಕೈಕಾಲು ಜೋಮಾ? ಅದಕ್ಕೂ ಅದೇ. ಇಷ್ಟೆಲ್ಲ ವಿಟಮಿನ್ ನಡುವೆ ಕೂತವನಿಗೇ ಬಿ12 ಕೊರತೆಯಾಯಿತು. ನಾನು ಡಾಕ್ಟರ್ ಅಲ್ಲ. ಆದರೆ ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರ ಓದುವುದು ನನ್ನ ಕಸುಬು. ಈ ವಿಷಯದಲ್ಲಿ ಆ ಸಣ್ಣ ಅಕ್ಷರದಲ್ಲೇ ಅರ್ಧ ಉತ್ತರ ಇದೆ.

ನನಗೆ ಸಕ್ಕರೆ ಕಾಯಿಲೆ ಇದೆ. ವರ್ಷಗಳಿಂದ ಮೆಟ್‌ಫಾರ್ಮಿನ್ ತಗೊಳ್ತಿದ್ದೇನೆ. ಹೊಟ್ಟೆಯುರಿ ಅಂತ ಬೆಳಿಗ್ಗೆ ಎದ್ದ ಕೂಡಲೇ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೆ. ಮನೆಯಲ್ಲಿ ಮೊಟ್ಟೆಯೂ ಇಲ್ಲದ ಸಸ್ಯಾಹಾರ. ಬಿ12 ಕಡಿಮೆಯಾಗಲು ಇವುಗಳಲ್ಲಿ ಒಂದು ಇದ್ದರೂ ಸಾಕು. ನನ್ನಲ್ಲಿ ಮೂರೂ ಇದ್ದವು.

ಶುರುವಾಗಿದ್ದು ಅಂಗಾಲಿನಲ್ಲಿ. ಮೊದಲು ಜುಮ್ಮೆನ್ನುತ್ತಿತ್ತು, ಆಮೇಲೆ ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸತೊಡಗಿತು. ಒಂದು ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದರೂ ಗೊತ್ತಾಗುತ್ತಿರಲಿಲ್ಲ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಓಲಾಡುತ್ತಿದ್ದೆ, ಗೋಡೆ ಹಿಡಿಯಬೇಕಿತ್ತು. ಹುಳಿ ಸಾರು ನಾಲಿಗೆಗೆ ತಾಗಿದರೆ ಉರಿ. ಇನ್ನೊಂದು ವಿಷಯ ಕಂಡುಹಿಡಿದದ್ದು ನನ್ನ ಹೆಂಡತಿ. "ಏನ್ರೀ ಇದು, ಬೆರಳಿನ ಗೆಣ್ಣೆಲ್ಲ ಹೀಗೆ ಕಪ್ಪಾಗಿದೆ?" ಅಂದಳು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಬಿ12 ಕೊರತೆಯಾದಾಗ ಗೆಣ್ಣು ಕಪ್ಪಾಗುವುದುಂಟು. ಈಗ ದುಡ್ಡು ಕೊಡಲು ಚಾಚಿದ ಕೈ ನೋಡಿದರೆ ನನ್ನ ಕಣ್ಣು ಮೊದಲು ಗೆಣ್ಣಿನ ಮೇಲೇ ಹೋಗುತ್ತದೆ.

"ಶುಗರ್ ನರಕ್ಕೆ ಇಳಿದಿದೆ" ಅಂತ ಎಲ್ಲರೂ ಹೇಳಿದರು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವುದು ನಿಜ. ಬಿ12 ಕೊರತೆಯಿಂದಲೂ ಥೇಟ್ ಹಾಗೇ ಆಗುತ್ತದೆ. ಮೆಟ್‌ಫಾರ್ಮಿನ್ ನುಂಗುವವನಲ್ಲಿ ಎರಡೂ ಒಟ್ಟಿಗೆ ಇರಬಹುದು. ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ ಕೂಡ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಆಗಾಗ ಬಿ12 ಪರೀಕ್ಷೆ ಮಾಡಿಸಿ ಅನ್ನುತ್ತದೆ, ಅದರಲ್ಲೂ ಜೋಮು ಅಥವಾ ರಕ್ತಹೀನತೆ ಇದ್ದವರಿಗೆ. ನಮ್ಮಲ್ಲಿ ಎಷ್ಟು ಚೀಟಿಯಲ್ಲಿ ಆ ಪರೀಕ್ಷೆ ಬರೆದಿರುತ್ತದೆ ಅನ್ನುವುದು ಕೌಂಟರ್‌ನಲ್ಲಿ ನಿಂತವನಿಗೆ ಗೊತ್ತು.

ಮೊದಲು ಸಿಕ್ಕಿದ್ದು ಪ್ರಿಗಾಬಾಲಿನ್ ಮತ್ತು ಮಿಥೈಲ್‌ಕೋಬಾಲಮಿನ್ (ಬಿ12ರ ಒಂದು ರೂಪ) ಸೇರಿದ ಕ್ಯಾಪ್ಸೂಲ್. ಜನ ಕೇಳುವ "ನರದ ಮಾತ್ರೆ" ಹೆಚ್ಚಾಗಿ ಇದೇ. ರಾತ್ರಿ ನಿದ್ದೆ ಚೆನ್ನಾಗಿ ಬಂತು, ಕಾಲಿನ ಉರಿ ತಗ್ಗಿತು. ಜೋಮು ಮಾತ್ರ ಇದ್ದಲ್ಲೇ ಇತ್ತು. ಅದು ಹಾಗೇ ಆಗುವುದು. ಪ್ರಿಗಾಬಾಲಿನ್ ನೋವನ್ನು ಮಂಕು ಮಾಡುತ್ತದೆ, ನರವನ್ನು ರಿಪೇರಿ ಮಾಡುವುದಿಲ್ಲ. ಮೇಲಾಗಿ ತೂಕಡಿಕೆ ತರುತ್ತದೆ. ವಯಸ್ಸಾದವರು ರಾತ್ರಿ ಎದ್ದು ಬೀಳುತ್ತಾರೆ. ಕೆಲವು ಕಾಲ ತಗೊಂಡವರು ಅದನ್ನು ಒಮ್ಮೆಗೇ ಬಿಡಲೂ ಬಾರದು. "ಹೋದ ಸಲದ್ದೇ ಒಂದು ಸ್ಟ್ರಿಪ್ ಕೊಡಿ" ಅಂತ ಬಂದವರಿಗೆ ನಾನು ಚೀಟಿ ಕೇಳುವುದು ಇದಕ್ಕೇ. ಬೇಜಾರು ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುವವರೂ ಇದ್ದಾರೆ, ಹೋಗಲಿ.

ಆಮೇಲೆ ಒಬ್ಬರು ಫಿಸಿಶಿಯನ್ ಹತ್ತಿರ ಹೋದೆ. ಅವರು ಟ್ಯೂನಿಂಗ್ ಫೋರ್ಕ್ ಬಡಿದು ಕಾಲಿನ ಹೆಬ್ಬೆರಳ ಬುಡಕ್ಕೆ ಇಟ್ಟರು. ಅದರ ಅದುರು ನನಗೆ ಗೊತ್ತೇ ಆಗಲಿಲ್ಲ. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು, ವಾಲಿದೆ. ಬಚ್ಚಲಲ್ಲಿ ಆಗುತ್ತಿದ್ದದ್ದು ಇದೇ. ಕಾಲಿನಿಂದ ಮೆದುಳಿಗೆ "ಎಲ್ಲಿ ನಿಂತಿದ್ದೇನೆ" ಅನ್ನುವ ಸುದ್ದಿ ಸರಿಯಾಗಿ ಹೋಗದಿದ್ದಾಗ ಕಣ್ಣು ಆ ಕೆಲಸ ಮಾಡುತ್ತಿರುತ್ತದೆ. ಕಣ್ಣು ಮುಚ್ಚಿದರೆ ಅದೂ ಇಲ್ಲ.

ರಕ್ತ ಪರೀಕ್ಷೆಯಲ್ಲಿ ಬಿ12 ಬಂದದ್ದು 118. ಒಂದು ಮಿಲಿಲೀಟರಿಗೆ ಇಷ್ಟು ಪೈಕೋಗ್ರಾಂ ಅನ್ನುವ ಲೆಕ್ಕ ಇದು. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಇದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಅನುಮಾನದ ಜಾಗ. ಆಗ ಹೋಮೋಸಿಸ್ಟೀನ್ ಅಥವಾ ಮಿಥೈಲ್ ಮಲೋನಿಕ್ ಆಸಿಡ್ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಜೀವಕೋಶಕ್ಕೆ ಬಿ12 ಸಾಲದಿದ್ದರೆ ಇವೆರಡೂ ಏರುತ್ತವೆ.

ನನ್ನ ಹಿಮೋಗ್ಲೋಬಿನ್ ಮಾತ್ರ ಸರಿಯಾಗಿತ್ತು. ಕೆಂಪು ಕಣದ ಗಾತ್ರವೂ ಮಿತಿಯೊಳಗೇ ಇತ್ತು. ಬಿ12 ಕಡಿಮೆಯಾದರೆ ಕಣಗಳು ದೊಡ್ಡದಾಗಿ ರಕ್ತಹೀನತೆ ಬರುತ್ತದೆ ಅಂತ ಕಾಲೇಜಿನಲ್ಲಿ ಓದಿದ್ದು. ಹಾಗಾದರೆ ಇದು ಹೇಗೆ ಅಂತ ಡಾಕ್ಟರನ್ನು ಕೇಳಿದೆ. "ಸೊಪ್ಪು ಚೆನ್ನಾಗಿ ತಿಂತೀರಾ?" ಅಂದರು. ಮಲೆನಾಡಿನವರಿಗೆ ಈ ಪ್ರಶ್ನೆ! ಒಂದೆಲಗದ ತಂಬುಳಿ, ಬಸಳೆ ಹುಳಿ, ಹರಿವೆ ಪಲ್ಯ, ಏನಾದರೂ ಒಂದು ದಿನಾ ಇದ್ದೇ ಇರುತ್ತದೆ. ಸೊಪ್ಪು, ಬೇಳೆಯಲ್ಲಿ ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ಜಾಸ್ತಿ, ಮಾತ್ರೆಯಲ್ಲಿ ಬರುವ ಅದರ ರೂಪವೇ ಫೋಲಿಕ್ ಆಸಿಡ್. ರಕ್ತ ತಯಾರಾಗಲು ಫೋಲೇಟ್ ಮತ್ತು ಬಿ12 ಜೋಡಿಯಾಗಿ ಬೇಕು. ಫೋಲೇಟ್ ಧಾರಾಳವಾಗಿದ್ದರೆ ಬಿ12 ಕಡಿಮೆಯಿದ್ದರೂ ರಕ್ತ ಹೇಗೋ ನಿಭಾಯಿಸಿಕೊಳ್ಳಬಹುದು. ನರಕ್ಕೆ ಆ ದಾರಿ ಇಲ್ಲ, ಅದು ಒಳಗೊಳಗೇ ಹಾಳಾಗುತ್ತಿರುತ್ತದೆ. ಹಾಗಾಗಿ ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಒಳ್ಳೆಯದಲ್ಲ.

ಈ ಫೋಲೇಟ್ ಕಥೆಗೆ ನಮ್ಮ ದೇಶದ್ದೇ ಒಂದು ನಂಟು ಇದೆ. ಲೂಸಿ ವಿಲ್ಸ್ ಅನ್ನುವ ಇಂಗ್ಲೆಂಡಿನ ಡಾಕ್ಟರಮ್ಮ ಮುಂಬಯಿಯಲ್ಲಿ ಬಟ್ಟೆ ಗಿರಣಿಯ ಬಡ ಬಸುರಿಯರಿಗೆ ಬರುತ್ತಿದ್ದ ರಕ್ತಹೀನತೆಯ ಬೆನ್ನು ಹತ್ತಿದರು. ಮಾರ್ಮೈಟ್ ಅನ್ನುವ ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದನ್ನು 1931ರಲ್ಲಿ ವರದಿ ಮಾಡಿದರು. ಅದರಲ್ಲಿ ಕೆಲಸ ಮಾಡಿದ್ದು ಫೋಲೇಟ್ ಅಂತ ಆಮೇಲೆ ಗೊತ್ತಾಯಿತು. ಬಿ12 ಬೇರೆಯಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ. ಅದಕ್ಕೂ ಮೊದಲು ಇದೇ ಕೊರತೆಯ ಒಂದು ಭೀಕರ ರೂಪಕ್ಕೆ ದಿನಾ ಕಾಲು ಕಿಲೋದಷ್ಟು ಪಿತ್ತಜನಕಾಂಗ ತಿನ್ನಿಸುತ್ತಿದ್ದರು. ನಮಗೆ ಒಂದು ಮಾತ್ರೆ ನುಂಗಲು ಬೇಜಾರು!

ಇನ್ನು ಚಿಕಿತ್ಸೆ. ನರಕ್ಕೆ ತೊಂದರೆ ಆಗಿದ್ದರಿಂದ ಇಂಜೆಕ್ಷನ್‌ನಿಂದಲೇ ಶುರು ಮಾಡಿದರು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಔಷಧ ಕೆಂಪಗಿರುತ್ತದೆ. ಬಿ12 ಒಳಗೆ ಕೋಬಾಲ್ಟ್ ಇದೆ, ಆ ಬಣ್ಣ ಅದರದ್ದು. ಮಿಥೈಲ್‌ಕೋಬಾಲಮಿನ್ ಬೆಳಕಿಗೆ ಕೆಡುತ್ತದೆ. ಆದ್ದರಿಂದ ಆಂಪೂಲನ್ನು ಡಬ್ಬಿಯಿಂದ ತೆಗೆದು ಕಿಟಕಿ ಹತ್ತಿರ ಇಡಬೇಡಿ. ಪರೀಕ್ಷೆಗೆ ರಕ್ತ ಕೊಡುವುದು ಮೊದಲ ಇಂಜೆಕ್ಷನ್‌ಗಿಂತ ಮುಂಚೆಯೇ ಆಗಬೇಕು. ಕೆಂಪು ಇಂಜೆಕ್ಷನ್ ಹಾಕಿಸಿಕೊಂಡು ಮಾರನೇ ದಿನ ಲ್ಯಾಬಿಗೆ ಹೋದರೆ ಸಾವಿರದ ಮೇಲೆ ತೋರಿಸುತ್ತದೆ, ಆ ರಿಪೋರ್ಟಿನಿಂದ ಏನೂ ಗೊತ್ತಾಗುವುದಿಲ್ಲ. ಕೂದಲಿಗೆ ಅಂತ ಬಯೋಟಿನ್ ಜಾಸ್ತಿ ತಗೊಳ್ಳುವವರು ಲ್ಯಾಬಿನಲ್ಲಿ ಹೇಳಿ. ಕೆಲವು ಯಂತ್ರಗಳಲ್ಲಿ ಅದರಿಂದ ಬಿ12, ಥೈರಾಯ್ಡ್ ಎರಡರ ಅಂಕಿಯೂ ತಪ್ಪಾಗಿ ಬರುತ್ತದೆ.

ಮೊದಲು ಸರಿಹೋದದ್ದು ನಾಲಿಗೆ. ಸುಸ್ತು ಕೆಲವೇ ವಾರಗಳಲ್ಲಿ ಇಳಿಯಿತು. ಕಾಲಿನ ಜುಮ್ಮು ಮಾತ್ರ ಶುರುವಿನಲ್ಲಿ ಕಡಿಮೆಯಾಗುವ ಬದಲು ಜಾಸ್ತಿಯಾಯಿತು! ಇಂಜೆಕ್ಷನ್ ಆಗಿಬರಲಿಲ್ಲ ಅಂದುಕೊಂಡು ಬಿಡುವವರು ಇಲ್ಲೇ ಬಿಡುವುದು. ಚಿಕಿತ್ಸೆ ಶುರುವಾದಾಗ ಕೆಲವರಿಗೆ ಹೀಗೆ ಆಗುತ್ತದೆ, ಆಮೇಲೆ ಇಳಿಯುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಪಾದದ ಅರಿವು ಮರಳಲು ತಿಂಗಳುಗಳೇ ಹಿಡಿದವು. ಗೆಣ್ಣಿನ ಕಪ್ಪೂ ನಿಧಾನವಾಗಿ ಮಾಸಿತು. ಎರಡೂ ಹೆಬ್ಬೆರಳ ತುದಿ ಇನ್ನೂ ಪೂರ್ತಿ ಸರಿಯಿಲ್ಲ. ತುಂಬ ದಿನ ಹಾಗೇ ಬಿಟ್ಟರೆ ನರದ ಪೆಟ್ಟು ಪೂರ್ತಿ ವಾಪಸ್ ಬರದೇ ಇರಬಹುದು. ಉಳಿದದ್ದರಲ್ಲಿ ಶುಗರಿನ ಪಾಲೆಷ್ಟು, ಬಿ12ದು ಎಷ್ಟು ಅಂತ ಯಾರೂ ಬೇರೆ ಮಾಡಿ ಹೇಳಲಾರರು.

ಇಂಜೆಕ್ಷನ್ ಮುಗಿದ ಮೇಲೆ ಏನು? ನನ್ನ ಪ್ರಕಾರ ನಿಜವಾದ ಕೆಲಸ ಇಲ್ಲಿಂದ ಶುರು. ಕೊರತೆ ಯಾಕೆ ಬಂತು ಅನ್ನುವುದು ಗೊತ್ತಿಲ್ಲದಿದ್ದರೆ ಅದು ಮತ್ತೆ ಬರುತ್ತದೆ. ಹೊಟ್ಟೆಯಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನುವ ಪ್ರೋಟೀನ್ ತಯಾರಾಗುತ್ತದೆ. ಅದು ಬಿ12 ಅನ್ನು ಹಿಡಿದುಕೊಂಡು ಸಣ್ಣಕರುಳಿನ ಕೊನೆಯ ತನಕ ಹೋಗುತ್ತದೆ, ಹೀರಿಕೊಳ್ಳುವುದು ಅಲ್ಲಿ. ಕೆಲವರ ದೇಹ ಈ ಪ್ರೋಟೀನಿನ ಮೇಲೆ ತಾನೇ ಯುದ್ಧ ಹೂಡಿರುತ್ತದೆ. ನನಗೆ ಅದರ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಹಾಗಾಗಿ ಉಳಿದದ್ದು ಊಟ ಮತ್ತು ಎರಡು ಮಾತ್ರೆ. ಆಹಾರದ ಪ್ರೋಟೀನಿಗೆ ಅಂಟಿದ ಬಿ12 ಬಿಡಿಸಲು ಹೊಟ್ಟೆಯ ಆಮ್ಲ ಬೇಕು, ಪ್ಯಾಂಟೊಪ್ರಜೋಲ್ ಅದನ್ನೇ ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ಕರುಳಿನ ಕೊನೆಯಲ್ಲಿ ಹೀರಿಕೊಳ್ಳುವುದಕ್ಕೆ ಅಡ್ಡಿ ಮಾಡುತ್ತದೆ. ಪ್ಯಾಂಟೊಪ್ರಜೋಲ್ ಅನ್ನು ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಬಿಟ್ಟೆ. ಮೆಟ್‌ಫಾರ್ಮಿನ್ ಬಿಡಲಿಲ್ಲ, ಅದರಿಂದ ನನಗೆ ಆಗುತ್ತಿರುವ ಉಪಕಾರ ದೊಡ್ಡದು. ಯಾರೂ ಇದನ್ನು ಓದಿ ಸಕ್ಕರೆ ಮಾತ್ರೆ ನಿಲ್ಲಿಸಬೇಡಿ.

ಈಗ ಊಟದ ಲೆಕ್ಕ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ. ಕಾಲು ಲೀಟರ್ ಹಸುವಿನ ಹಾಲಿನಲ್ಲಿ ಸಿಗುವುದು ಒಂದು ಮೈಕ್ರೋಗ್ರಾಂ ಚಿಲ್ಲರೆ. ನಾವು "ಹಾಲು ಮೊಸರು ಚೆನ್ನಾಗೇ ತಿಂತೀವಲ್ಲ" ಅನ್ನುತ್ತೇವೆ. ಅಳೆದು ನೋಡಿದರೆ ನಮ್ಮ ಮನೆಯಲ್ಲಿ ಎರಡು ಲೋಟ ಕಾಫಿಗೆ ಹೋಗುವ ಹಾಲು ಅರ್ಧ ಲೋಟ. ಊಟದ ಕೊನೆಗೆ ನೀರುಮಜ್ಜಿಗೆ, ಅದರಲ್ಲಿ ನೀರೇ ಜಾಸ್ತಿ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ, ರಾಗಿ ಅಂಬಲಿಯಲ್ಲಿ ಇದೆ, ಅಣಬೆಯಲ್ಲಿ ಇದೆ ಅನ್ನುವುದನ್ನೆಲ್ಲ ನಂಬಿಕೊಂಡು ಕೂರಲು ಆಗುವುದಿಲ್ಲ. ಸ್ಪಿರುಲಿನಾದಲ್ಲಿರುವ ಹೆಚ್ಚಿನ ಭಾಗ ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ಬಗೆಯದು. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಸುಮಾರು ಅರ್ಧ ಮೈಕ್ರೋಗ್ರಾಂ ಸಿಗುತ್ತದೆ, ಅದೂ ಹಳದಿ ತಿಂದರೆ.

ಹಾಗಾಗಿ ಮಾತ್ರೆ ಬೇಕು. ಯಾವ ಮಾತ್ರೆ? ಇಲ್ಲಿ ಸ್ಟ್ರಿಪ್ ತಿರುಗಿಸಿ ಓದಿ. ಮಾಮೂಲಿ ಬಿ ಕಾಂಪ್ಲೆಕ್ಸ್‌ಗಳಲ್ಲಿ ಬಿ12 ಎಷ್ಟೋ ಸಲ 15 ಮೈಕ್ರೋಗ್ರಾಂ ಮಾತ್ರ ಇರುತ್ತದೆ. ಮೂತ್ರ ಹಳದಿಯಾಯಿತು ಅಂದರೆ ಅದು ಬಿ2ದ ಬಣ್ಣ; ಬಿ12 ಒಳಗೆ ಸೇರಿದ ಗುರುತಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ದಾರಿಯಲ್ಲಿ ಒಂದು ಸಲಕ್ಕೆ ಒಳಗೆ ಹೋಗುವುದು ಒಂದೂವರೆ ಎರಡು ಮೈಕ್ರೋಗ್ರಾಂ ಅಷ್ಟೆ. ಅದರ ಮೇಲೆ ಉಳಿದದ್ದರಲ್ಲಿ ನೂರಕ್ಕೆ ಒಂದರಷ್ಟು ಸುಮ್ನೆ ಕರುಳಿನ ಗೋಡೆಯಿಂದ ಜಿನುಗಿ ಒಳಗೆ ಹೋಗುತ್ತದೆ. 15ರ ಮಾತ್ರೆಯಲ್ಲಿ ಆ ಜಿನುಗು ಲೆಕ್ಕಕ್ಕೇ ಇಲ್ಲ. 1000ದ ಮಾತ್ರೆಯಲ್ಲಿ ಅದೇ 10 ಮೈಕ್ರೋಗ್ರಾಂ ಆಗುತ್ತದೆ, ಎಂಥ ಹೊಟ್ಟೆಗೂ ಸಾಕಾಗುವಷ್ಟು. ಮಾತ್ರೆಯ ಬಿ12 ಪ್ರೋಟೀನಿಗೆ ಅಂಟಿರುವುದಿಲ್ಲ, ಅದನ್ನು ಬಿಡಿಸಲು ಆಮ್ಲವೂ ಬೇಡ. ನಾನು ಈಗ ತಗೊಳ್ಳುವುದು 1500ರದ್ದು, ಬೆಳಗಿನ ಕಾಫಿಗೆ ಮುಂಚೆ.

ಬಿ12 ಮಾತ್ರೆಯಲ್ಲಿ ಮಿಥೈಲ್‌ಕೋಬಾಲಮಿನ್ ಒಳ್ಳೆಯದೋ, ಇನ್ನೊಂದು ರೂಪವಾದ ಸಯನೋಕೋಬಾಲಮಿನ್ ಒಳ್ಳೆಯದೋ ಅನ್ನುವ ಜಗಳಕ್ಕೆ ನನಗೆ ಆಸಕ್ತಿ ಇಲ್ಲ. ಸಯನೋ ಅಂದರೆ ಸಯನೈಡ್ ಅಂತ ಹೆದರುವವರಿಗೆ ಒಂದು ಮಾತು: 1000 ಮೈಕ್ರೋಗ್ರಾಂ ಸಯನೋಕೋಬಾಲಮಿನ್‌ನಲ್ಲಿ ಅದು ಇರುವುದು ಸುಮಾರು 20 ಮೈಕ್ರೋಗ್ರಾಂ, ಆರೋಗ್ಯವಂತ ದೇಹ ಅದನ್ನು ಸುಲಭವಾಗಿ ಹೊರಹಾಕುತ್ತದೆ. ನಾನು ಎಚ್ಚರಿಕೆ ಹೇಳುವುದು ಬಿ6 ಬಗ್ಗೆ. "ನರದ" ಔಷಧಗಳಲ್ಲಿ ಕೆಲವದರಲ್ಲಿ ಪಿರಿಡಾಕ್ಸಿನ್, ಅಂದರೆ ಬಿ6, 100 ಮಿಲಿಗ್ರಾಂ ಇರುತ್ತದೆ. ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಹೋದರೆ ಅದರಿಂದಲೇ ಕೈಕಾಲು ಜೋಮು ಹಿಡಿಯುತ್ತದೆ. ಜೋಮಿಗೆ ಅಂತ ನುಂಗಿದ್ದೇ ಜೋಮು ತರುವುದು ಅಂದರೆ ಇದೇ, ಅಲ್ವಾ?

ನನ್ನ ರಿಪೋರ್ಟ್ ಬಂದ ಮೇಲೆ ಮನೆಯವರದೆಲ್ಲ ಪರೀಕ್ಷೆ ಮಾಡಿಸಿದೆ. ಒಂದೇ ಅಡುಗೆಮನೆಯ ಊಟ ತಾನೇ. ಅಮ್ಮನದು ಕಡಿಮೆ ಇತ್ತು. "ನನ್ನ ಮರೆವು ವಯಸ್ಸಿನದು ಕಣೋ, ಇದಕ್ಕೂ ಮಾತ್ರೆ ಯಾಕೆ" ಅಂದರು. ಮಾತ್ರೆ ಶುರು ಮಾಡಿದ ಮೇಲೆ ಮರೆವು ಹೋಗಲಿಲ್ಲ, ನಡಿಗೆ ಮಾತ್ರ ಗಟ್ಟಿಯಾಯಿತು. ಹೆಂಡತಿಯದು ಅನುಮಾನದ ಅಂಕಿ. ಮಗಳು ಆಗ ಬಸುರಿ. ಅವಳ ಚೀಟಿಯಲ್ಲಿ ಕಬ್ಬಿಣ ಇತ್ತು, ಫೋಲಿಕ್ ಆಸಿಡ್ ಇತ್ತು, ಬಿ12 ಇರಲಿಲ್ಲ. ಡಾಕ್ಟರಮ್ಮನಿಗೆ ಹೇಳಿ ಪರೀಕ್ಷೆ ಬರೆಸಿದೆವು, ಕಡಿಮೆಯೇ ಬಂತು, ಮಾತ್ರೆ ಸೇರಿಸಿದರು. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. ಅಂಥ ಕೂಸುಗಳು ಕೆಲವು ತಿಂಗಳಾದ ಮೇಲೆ ಮಂಕಾಗುತ್ತವೆ, ಕಲಿತದ್ದನ್ನು ಮರೆಯುತ್ತವೆ, ಕೆಲವಕ್ಕೆ ಮೈ ನಡುಕವೂ ಬರುತ್ತದೆ. ದೊಡ್ಡವರ ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನು ಇರುತ್ತದೆ, ಕೂಸಿಗೆ ಅದಿಲ್ಲ. ಸಸ್ಯಾಹಾರಿ ಮನೆಯ ಬಸುರಿ, ಬಾಣಂತಿಯರು ಯಾರಾದರೂ ಕಬ್ಬಿಣದ ಮಾತ್ರೆಗೆ ಅಂಗಡಿಗೆ ಬಂದರೆ ಬಿ12 ನೋಡಿಸಿದ್ದೀರಾ ಅಂತ ನಾನು ಕೇಳಿಯೇ ಕೇಳುತ್ತೇನೆ. ಇಲ್ಲ ಅಂದರೆ ಮುಂದಿನ ಸಲ ಡಾಕ್ಟರಿಗೆ ತೋರಿಸಲು ಚೀಟಿಯ ಹಿಂದೆ ಬರೆದು ಕೊಡುತ್ತೇನೆ.