ಬೀಜದ ಹೋತ ಆರಿಸುವ ಮೊದಲು ಅದರ ಅಮ್ಮನನ್ನು ನೋಡಿ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಗಾದೆ ಇದೆ. ಮೇಕೆಗಳ ವಿಷಯದಲ್ಲಿ ಅದು ಅರ್ಧ ನಿಜ. ಮರಿಯ 60 ಕ್ರೋಮೋಸೋಮುಗಳಲ್ಲಿ, ಅಂದರೆ ವಂಶದ ಗುಣ ಹೊತ್ತ ಡಿಎನ್‌ಎ ಎಳೆಗಳಲ್ಲಿ, 30 ತಾಯಿಯವು, 30 ತಂದೆಯವು. ಆದರೆ ತಾಯಿ ಒಂದು ಸಲಕ್ಕೆ ಒಂದೋ ಎರಡೋ ಮರಿ ಹಾಕುತ್ತದೆ, ಹೋತ ಮಾತ್ರ ಅಷ್ಟರಲ್ಲಿ ಇಪ್ಪತ್ತು ಮೂವತ್ತು ಮೇಕೆಗಳನ್ನು ಗಬ್ಬ ಮಾಡಿರುತ್ತದೆ. ಅಂದರೆ ಮುಂದೆ ಹುಟ್ಟುವ ಅಷ್ಟೂ ಮರಿಗಳ ಅರ್ಧ ರಕ್ತ ಒಂದೇ ಪ್ರಾಣಿಯದ್ದು. ಆರಿಸುವಾಗ ತಲೆ ಕೆಡಿಸಿಕೊಳ್ಳಬೇಕಾದ್ದು ಇಲ್ಲೇ.

ನಾನು ಮೊದಲ ಸಲ ಇಟ್ಟುಕೊಂಡ ಹೋತ ನೋಡೋಕೆ ರಾಜನ ಹಾಗಿತ್ತು. ವಾರಗೆಯ ಮರಿಗಳಲ್ಲೆಲ್ಲ ಅದೇ ದೊಡ್ಡದು. ಅದರ ಮರಿಗಳು ಹುಟ್ಟಿದ ಮೇಲೆ ನೋಡಿದರೆ ತೀರಾ ಸಾಧಾರಣ. ಆಮೇಲೆ ಹೊಳೀತು, ಅದು ಒಂಟಿಯಾಗಿ ಹುಟ್ಟಿದ್ದು, ಅಮ್ಮನ ಎರಡೂ ಮೊಲೆಯ ಹಾಲು ಅದೊಂದಕ್ಕೇ ಸಿಕ್ಕಿತ್ತು. ಉಳಿದವು ಅವಳಿಗಳು, ಪಾಲು ಹಂಚಿಕೊಂಡು ಬೆಳೆದವು. ಗಾತ್ರ ಹಾಲಿನಿಂದ ಬಂದಿತ್ತು, ರಕ್ತದಿಂದಲ್ಲ. ಹಾಲಿನಿಂದ ಬಂದ ಗಾತ್ರವನ್ನು ಹೋತ ತನ್ನ ಮರಿಗಳಿಗೆ ಕೊಡೋಕಾಗಲ್ಲ, ಅಲ್ವಾ?

ಈ ವ್ಯತ್ಯಾಸವನ್ನು ಅಳೆಯೋಕೆ ತಳಿ ವಿಜ್ಞಾನದಲ್ಲಿ ಒಂದು ಸಂಖ್ಯೆ ಇದೆ, ಹೆರಿಟಬಿಲಿಟಿ ಅಂತ. ಹಿಂಡಿನ ಮೇಕೆ ಮೇಕೆಗೂ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಮರಿಗಳಿಗೆ ದಾಟುತ್ತದೆ ಅನ್ನೋದೇ ಅದು. ಸೊನ್ನೆಯಿಂದ ಒಂದರ ನಡುವೆ ಇರುತ್ತದೆ. ಹಿಂಡಿನಿಂದ ಹಿಂಡಿಗೆ ಸ್ವಲ್ಪ ಬದಲಾಗುತ್ತದೆ, ಆದರೂ ಅಂದಾಜು ಹೀಗೆ: ಹಾಲಿನಲ್ಲಿರುವ ಕೊಬ್ಬು ಮತ್ತು ಪ್ರೋಟೀನಿನ ಶೇಕಡಾ ಪ್ರಮಾಣಕ್ಕೆ 0.5ರ ಹತ್ತಿರ, ಹಾಲಿನ ಇಳುವರಿಗೆ 0.3ರ ಆಸುಪಾಸು, ಮೈತೂಕಕ್ಕೂ ಹೆಚ್ಚು ಕಡಿಮೆ ಅಷ್ಟೇ, ಒಂದು ಸೂಲಿಗೆ ಎಷ್ಟು ಮರಿ ಅನ್ನೋದಕ್ಕೆ ಬರೀ 0.1ರಷ್ಟು.

ಲೆಕ್ಕ ಹಾಕೋದು ಸುಲಭ. ಮೂರು ತಿಂಗಳಿಗೆ ನಿಮ್ಮ ಮರಿಗಳ ಸರಾಸರಿ ತೂಕ 10 ಕಿಲೋ ಅಂದುಕೊಳ್ಳಿ. ನೀವು ಉಳಿಸಿಕೊಂಡ ಹೋತ ಆ ವಯಸ್ಸಿನಲ್ಲಿ 14 ಕಿಲೋ ಇತ್ತು, ಹೆಣ್ಣುಗಳು 11. ಹೋತ 4 ಕಿಲೋ ಮುಂದೆ, ಹೆಣ್ಣುಗಳು 1 ಕಿಲೋ ಮುಂದೆ, ಸರಾಸರಿ 2.5. ಇದನ್ನು 0.3ರಿಂದ ಗುಣಿಸಿ, 0.75 ಬರುತ್ತದೆ. ಅಂದರೆ ಮೇವು, ಆರೈಕೆ ಮೊದಲಿನ ಹಾಗೇ ಇದ್ದರೆ ಮುಂದಿನ ತಲೆಮಾರಿನ ಮರಿ ಮುಕ್ಕಾಲು ಕಿಲೋ ಜಾಸ್ತಿ ತೂಗಬಹುದು. 14 ಕಿಲೋದ ಹೋತ ತಂದ ಮಾತ್ರಕ್ಕೆ ಎಲ್ಲ ಮರಿಗಳೂ 14 ತೂಗಲ್ಲ. ಕಡಿಮೆ ಅನ್ನಿಸಬಹುದು, ಆದರೆ ಇದು ತಲೆಮಾರಿನಿಂದ ತಲೆಮಾರಿಗೆ ಕೂಡುತ್ತಾ ಹೋಗುವ ಲಾಭ.

ಹಾಗಾಗಿ ಮೊದಲ ಕೆಲಸ ಒಂದು ತಕ್ಕಡಿ, ಒಂದು ನೋಟ್‌ಬುಕ್. ಪ್ರತಿ ಮರಿಯ ಕಿವಿಗೆ ನಂಬರ್ ಹಾಕಿ. ಹುಟ್ಟಿದ ದಿನ, ತಾಯಿ, ತಂದೆ, ಒಂಟಿಯೋ ಅವಳಿಯೋ, ಹುಟ್ಟಿದಾಗಿನ ತೂಕ, ಮೂರು ತಿಂಗಳ ತೂಕ, ಇಷ್ಟನ್ನು ಬರೆದಿಡಿ. ಹೋಲಿಸುವಾಗ ಅವಳಿಯನ್ನು ಅವಳಿಯ ಜೊತೆ, ಒಂದೇ ಕಾಲದಲ್ಲಿ ಹುಟ್ಟಿದ್ದನ್ನು ಅದೇ ಕಾಲದ್ದರ ಜೊತೆ ಇಟ್ಟು ನೋಡಿ. ಚೊಚ್ಚಲು ಮೇಕೆಯ ಮರಿ ಸಾಮಾನ್ಯವಾಗಿ ಸಣ್ಣದಿರುತ್ತದೆ, ಅದಕ್ಕೂ ಸ್ವಲ್ಪ ವಿನಾಯಿತಿ ಕೊಡಿ. ಅವಳಿಯಾಗಿ ಹುಟ್ಟಿ ಒಂಟಿ ಮರಿಗಳ ತೂಕಕ್ಕೆ ಹತ್ತಿರ ಬಂದ ಗಂಡು ಮರಿ ಸಿಕ್ಕರೆ ಅದನ್ನು ಸುಮ್ನೆ ಮಾರಿಬಿಡಬೇಡಿ.

ಹಾಲಿನ ವಿಷಯಕ್ಕೆ ಬಂದರೆ ಹೋತ ಹಾಲು ಕೊಡಲ್ಲ. ಅದಕ್ಕೇ ಅದರ ಅಮ್ಮ, ಅಕ್ಕತಂಗಿಯರ ಹಾಲು ನೋಡಬೇಕು. ಮುಂದೆ ಹೆಣ್ಣು ಮಕ್ಕಳು ಕರೆಯೋಕೆ ಶುರುವಾದ ಮೇಲೆ ಅವುಗಳದ್ದು ಇನ್ನೂ ಗಟ್ಟಿ ಸಾಕ್ಷಿ. ಅಮ್ಮನ ಕೆಚ್ಚಲು ಮುಟ್ಟಿ ನೋಡಿ. ಹೊಟ್ಟೆಗೆ ಗಟ್ಟಿಯಾಗಿ ಅಂಟಿಕೊಂಡಿದೆಯಾ, ನೆಲಕ್ಕೆ ಜೋತು ಬಿದ್ದಿದೆಯಾ, ಜಾಸ್ತಿ ಮೊಲೆತೊಟ್ಟು ಇದೆಯಾ, ಎಲ್ಲ ಗಮನಿಸಿ. ಚೀಸ್ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಮೇಕೆ ಹಾಲಿನಲ್ಲಿ ಆಲ್ಫಾ ಎಸ್1 ಕೇಸೀನ್ ಅನ್ನುವ ಪ್ರೋಟೀನ್ ಇದೆ, ಚೀಸ್ ಆಗಿ ಗಟ್ಟಿಯಾಗುವ ಪ್ರೋಟೀನುಗಳಲ್ಲಿ ಅದೂ ಒಂದು. ಇದರ ಜೀನ್ ಆರನೇ ಕ್ರೋಮೋಸೋಮಿನಲ್ಲಿದ್ದು ಬೇರೆ ಬೇರೆ ರೂಪಗಳಲ್ಲಿ ಬರುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಂದು ಮೇಕೆಯಲ್ಲೂ ಇದರ ಎರಡು ಪ್ರತಿ ಇರುತ್ತವೆ. ಎ, ಬಿ ಥರದ ಗಟ್ಟಿ ರೂಪದ ಒಂದೊಂದು ಪ್ರತಿಯೂ ಒಂದು ಲೀಟರ್ ಹಾಲಿಗೆ ಈ ಪ್ರೋಟೀನನ್ನು ಸುಮಾರು 3.6 ಗ್ರಾಂ ಕೊಟ್ಟರೆ, ಇ ರೂಪ 1.6 ಗ್ರಾಂ, ಎಫ್ 0.6 ಗ್ರಾಂ, ಓ ಏನೂ ಕೊಡಲ್ಲ. ಎರಡೂ ಪ್ರತಿ ಎ ಇರುವ ಮೇಕೆಯ ಒಂದು ಲೀಟರ್ ಹಾಲಲ್ಲಿ 7 ಗ್ರಾಂ ದಾಟುತ್ತದೆ, ಎರಡೂ ಎಫ್ ಇದ್ದರೆ 1 ಗ್ರಾಂ ಸ್ವಲ್ಪ ಮೇಲೆ. ಅಷ್ಟೇ ಹಾಲಿಗೆ ಒಬ್ಬರಿಗೆ ಜಾಸ್ತಿ ಚೀಸ್, ಇನ್ನೊಬ್ಬರಿಗೆ ಕಡಿಮೆ ಬರೋಕೆ ಇದೂ ಒಂದು ಕಾರಣ. ಹೋತನಿಗೂ ಈ ಜೀನ್ ಇರುತ್ತದಲ್ಲ, ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಕ್ಕಳು ದೊಡ್ಡವಾಗಿ ಹಾಲು ಕೊಡುವ ತನಕ ಕಾಯಬೇಕಿಲ್ಲ.

ಅವಳಿ ಮರಿ ಎಲ್ಲರಿಗೂ ಬೇಕು. ಆದರೆ 0.1 ಅನ್ನುವ ಸಂಖ್ಯೆ ನೆನಪಿರಲಿ. ಒಂದು ಸಲ ಅವಳಿ ಹಾಕಿದ ಮೇಕೆಯ ಮಗ ಅನ್ನೋದರಿಂದ ಏನೂ ಗೊತ್ತಾಗಲ್ಲ. ಮೂರ್ನಾಲ್ಕು ಸೂಲು ಸತತವಾಗಿ ಅವಳಿ ಹಾಕಿ, ಎರಡನ್ನೂ ಬದುಕಿಸಿ ಬೆಳೆಸಿದ ತಾಯಿಯ ಮಗನಾದರೆ ಮಾತು ಬೇರೆ. ಬೇಗ ಫಲ ಬೇಕಿದ್ದರೆ ಹೋತ ಬಿಡುವ ಎರಡು ಮೂರು ವಾರ ಮುಂಚೆ ಬಡಕಲು ಮೇಕೆಗಳಿಗೆ ಒಳ್ಳೆಯ ಮೇವು ಕೊಡಿ, ರಕ್ತಕ್ಕಿಂತ ಬೇಗ ಅದು ಕೆಲಸ ಮಾಡುತ್ತದೆ.

ಈಗ ಎಷ್ಟೋ ಜನ ಎಡವುವ ಜಾಗ, ಕೊಂಬು. ಕೊಂಬಿಲ್ಲದ ಮೇಕೆ ಸಾಕೋಕೆ ಆರಾಮ, ಹಾಗಾಗಿ ಬೋಳು ಹೋತವನ್ನು ಬೋಳು ಮೇಕೆಗೇ ಕೂಡಿಸುತ್ತಾರೆ. ಹಾಗೆ ಮಾಡಬೇಡಿ. ಕೊಂಬು ಬರದ ಹಾಗೆ ಮಾಡುವುದು ಒಂದನೇ ಕ್ರೋಮೋಸೋಮಿನಲ್ಲಿ ಸುಮಾರು 11,700 ಅಕ್ಷರಗಳಷ್ಟು ಡಿಎನ್‌ಎ ಬಿಟ್ಟುಹೋಗಿರುವುದು ಅಂತ 2001ರಲ್ಲಿ ಪತ್ತೆಯಾಯಿತು. ಅದೇ ಜಾಗ ಹೆಣ್ಣುತನಕ್ಕೂ ಬೇಕಾದದ್ದು. ಈ ಬಿಟ್ಟುಹೋದ ಪ್ರತಿ ಒಂದೇ ಇದ್ದರೆ ಮರಿ ಬೋಳು, ಬೇರೆ ತೊಂದರೆ ಇಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಹೆಣ್ಣಾಗಬೇಕಿದ್ದ ಮರಿ ನಡುಲಿಂಗಿಯಾಗಿ ಹುಟ್ಟುತ್ತದೆ, ಗಬ್ಬ ಕಟ್ಟುವುದೇ ಇಲ್ಲ. ಗಂಡು ಮರಿಗಳಲ್ಲೂ ಕೆಲವು ವೀರ್ಯನಾಳ ಕಟ್ಟಿಕೊಂಡು ಬಂಜೆಯಾಗುತ್ತವೆ. ಒಂದೊಂದೇ ಪ್ರತಿ ಇರುವ ಎರಡು ಬೋಳು ಮೇಕೆಗಳು ಕೂಡಿದರೆ ಹೆಣ್ಣಾಗಬೇಕಿದ್ದ ಮರಿಗಳಲ್ಲಿ ನಾಲ್ಕಕ್ಕೆ ಒಂದು ಹೀಗಾಗಬಹುದು. ಉಪಾಯ ಸರಳ: ಜೋಡಿಯಲ್ಲಿ ಒಂದಕ್ಕಾದರೂ ಹುಟ್ಟಿನಿಂದ ಕೊಂಬಿರಲಿ. ಮರಿಯಾಗಿದ್ದಾಗ ಕೊಂಬು ಸುಟ್ಟ ಮೇಕೆಯನ್ನು ಬೋಳು ಅಂತ ಲೆಕ್ಕ ಹಾಕಬೇಡಿ, ಅದರ ರಕ್ತದಲ್ಲಿ ಕೊಂಬು ಇದ್ದೇ ಇದೆ. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಿ.

ಕೆಲವು ತಳಿಗಳಲ್ಲಿ ಇಂಥದ್ದೇ ಅಡಗಿದ ರೋಗಗಳಿವೆ. ನ್ಯೂಬಿಯನ್ ತಳಿಯಲ್ಲಿ ಜಿ6ಎಸ್ ಅನ್ನುವ ದೋಷ ಗೊತ್ತಿರುವಂಥದ್ದು, ಒಂದು ಪ್ರತಿ ಇರುವ ಮೇಕೆ ಆರೋಗ್ಯವಾಗೇ ಕಾಣುತ್ತದೆ, ಎರಡು ಪ್ರತಿ ಬಂದ ಮರಿ ಸರಿಯಾಗಿ ಬೆಳೆಯಲ್ಲ. ಪರೀಕ್ಷೆ ಇದೆ. ನ್ಯೂಬಿಯನ್ ಹೋತ ಕೊಳ್ಳುವವರು ರಿಪೋರ್ಟ್ ಕೇಳಿ.

ಇಷ್ಟೆಲ್ಲ ಆದ ಮೇಲೆ ಹೋತದ ಮೈ ನೋಡಿ. ಎರಡು ಬೀಜವೂ ಕೆಳಗಿಳಿದು ಸಮವಾಗಿ, ಗಟ್ಟಿಯಾಗಿರಬೇಕು. ಒಂದೇ ಇಳಿದಿದ್ದರೆ ಬೇಡ, ಆ ದೋಷ ಮಕ್ಕಳಿಗೂ ದಾಟಬಹುದು. ಕೆಳದವಡೆ ಮುಂದೆ ಬಂದಿದ್ದರೂ ಬೇಡ. ಕಾಲು ನೇರ ಇರಲಿ. ಬಣ್ಣ? ಬಣ್ಣಕ್ಕೂ ಹಾಲಿಗೂ ತೂಕಕ್ಕೂ ಸಂಬಂಧ ಹುಡುಕುತ್ತಾ ಹೋಗೋದು ಸಮಯ ಹಾಳು, ನನ್ನ ಮಟ್ಟಿಗೆ.

ಕೊನೆಗೆ, ಹೋತ ಎಷ್ಟೇ ಒಳ್ಳೆಯದಿರಲಿ, ತನ್ನ ಮಗಳ ಜೊತೆ ಅದನ್ನು ಕೂಡಿಸಬೇಡಿ. ಹಾಗೆ ಹುಟ್ಟುವ ಮರಿಯ ಒಳಸಂತಾನದ ಪ್ರಮಾಣ, ಅಂದರೆ ಒಂದು ಜೀನಿನ ಎರಡೂ ಪ್ರತಿ ಒಂದೇ ಹಿರಿಯನ ಅದೇ ಪ್ರತಿಯ ನಕಲಾಗಿರುವ ಸಾಧ್ಯತೆ, ಶೇಕಡಾ 25, ಒಡಹುಟ್ಟಿದವು ಕೂಡಿದರೂ ಅಷ್ಟೇ. ಅಡಗಿದ್ದ ದೋಷಗಳು ಜೋಡಿಯಾಗಿ ಹೊರಬರುತ್ತವೆ, ಮರಿಗಳು ಸಣ್ಣಗಾಗುತ್ತವೆ, ಸಾವು ಜಾಸ್ತಿಯಾಗುತ್ತದೆ. ಮೊದಲ ಹೆಣ್ಣು ಮರಿಗಳು ಬೆದೆಗೆ ಬರುವಷ್ಟರಲ್ಲಿ ಹೋತ ಬದಲಾಯಿಸಿ, ಇಲ್ಲವೇ ಆ ಮರಿಗಳನ್ನು ಬೇರೆ ಕಟ್ಟಿ. ಗಂಡು ಮರಿಗಳ ಮೇಲೂ ಕಣ್ಣಿರಲಿ, ಕೆಲವು ನಾಲ್ಕು ತಿಂಗಳಿಗೇ ಗಬ್ಬ ಮಾಡುವಷ್ಟು ಬಲಿತುಬಿಡುತ್ತವೆ. ಮೂರು ತಿಂಗಳ ತೂಕ ಬರೆದುಕೊಂಡ ದಿನವೇ ಅವುಗಳನ್ನು ಹೆಣ್ಣುಗಳಿಂದ ಬೇರೆ ಮಾಡಿ.